ಹಳೆಯ ಕಣ್ಣು, ಹೊಸ ರೆಪ್ಪೆ

ಕ್ಯಾಮೆರಾದ ಮಸೂರವನ್ನು ಕಣ್ಣಿಗೆ ಹೋಲಿಸುವುದು ರೂಢಿ. ಆ ಹೋಲಿಕೆಯನ್ನು ಮುಂದುವರಿಸಿದರೆ ಷಟರನ್ನು ರೆಪ್ಪೆಯೆನ್ನಬೇಕಾಗುತ್ತದೆ. ಮನುಷ್ಯನಿಗೆ ಕಣ್ಣೂ ರೆಪ್ಪೆಯೂ ಒಟ್ಟಿಗೇ ದೊರೆತಿವೆ. ಕ್ಯಾಮೆರಾಕ್ಕೆ ಹಾಗಲ್ಲ. ಅದಕ್ಕೆ ಮೊದಲು ಕಣ್ಣು ಬಂದಿತು. ರೆಪ್ಪೆ ಬಂದದ್ದು ಎಷ್ಟೋ ವರ್ಷಗಳ ಅನಂತರ.

1840ರಲ್ಲಿ ವಿಯೆನ್ನಾ ನಗರದಲ್ಲಿ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಭಾವಚಿತ್ರಗಳಿಗೆಂದು ಒಂದು ಮಸೂರವನ್ನು ಲೆಕ್ಕಹಾಕಿ ರೂಪಿಸಿದನು. ಅದು ಆ ಕಾಲದ ಇತರ ಮಸೂರಗಳಿಗಿಂತ ಬಹಳ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತಿತ್ತು. ಆದರೂ ಅಂದಿನ ಫಲಕಗಳು ಮಂದವಾದುದರಿಂದ ಚಿತ್ರ ಮೂಡಲು ಹಲವು ಸೆಕೆಂಡುಗಳೇ ಬೇಕಾಗುತ್ತಿದ್ದವು. ಛಾಯಾಗ್ರಾಹಕನು ಮಸೂರದ ಮುಚ್ಚಳವನ್ನು ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚುತ್ತಿದ್ದನು. ಅವನ ಕೈಯೇ ರೆಪ್ಪೆ. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಆಂಗ್ಲ ವೈದ್ಯನು ಜೆಲಟಿನ್ ಒಣಫಲಕದ ವಿಧಾನವನ್ನು ಪ್ರಕಟಿಸಿದನು. ಇತರರು ಅದನ್ನು ಸುಧಾರಿಸಿದರು. ಆ ದಶಕ ಮುಗಿಯುವ ವೇಳೆಗೆ ಸೆಕೆಂಡಿನ ಒಂದು ಅಂಶದಲ್ಲೇ ಚಿತ್ರ ಮೂಡತೊಡಗಿತು. ಕೈ ಅಷ್ಟು ಚುರುಕಾಗಿ ಆಡದು, ಷಟರ್ ಅನಿವಾರ್ಯವಾಯಿತು.

ಅಂದಿನ ಮಸೂರಗಳು ಇಂದಿಗೂ ಉಳಿದಿವೆ. ಗಾಜು ಒಡೆಯದಿದ್ದರೆ, ಬೂಷ್ಟು ಹಿಡಿಯದಿದ್ದರೆ, ನೂರು ವರ್ಷಗಳ ಮೇಲೂ ಅವು ಚಿತ್ರ ಬರೆಯಬಲ್ಲವು. ನಡುವಿನ ಮುಖ ಸ್ಫುಟವಾಗಿ ಮೂಡಿ, ಅಂಚುಗಳು ಮೆಲ್ಲಗೆ ಕರಗುವ ಚೆಲುವಿಗೆ ಮನಸೋತವರು ಅವನ್ನು ದೊಡ್ಡ ಫಿಲ್ಮಿನ ಕ್ಯಾಮೆರಾಗಳಿಗೆ ಜೋಡಿಸಬಯಸುತ್ತಾರೆ. ಆದರೆ ಇಂದಿನ ಫಿಲ್ಮು ಚುರುಕಾದುದು. ಹಗಲಿನ ಬೆಳಕಿನಲ್ಲಿ ಮುಚ್ಚಳದಿಂದ ಕೆಲಸ ಸಾಗದು. ಹೀಗೆ ಒಂದು ಶತಮಾನದ ಕಣ್ಣಿಗೆ ಇನ್ನೊಂದು ಶತಮಾನದ ರೆಪ್ಪೆಯನ್ನು ಹುಡುಕುವ ಕೆಲಸ ಮೊದಲಾಗುತ್ತದೆ.

ಮೊದಲು ನೋಡಬೇಕಾದುದು ದ್ವಾರದ ಅಗಲ. ಸಂಗಮದೂರ 300 ಮಿ.ಮೀ., ದ್ವಾರಸಂಖ್ಯೆ 4.5 ಇರುವ ಮಸೂರವೊಂದಿದೆಯೆನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಬೆಳಕಿಗೆ ಸುಮಾರು 67 ಮಿ.ಮೀ. ಅಗಲದ ದಾರಿ ಬೇಕೆಂದು ತಿಳಿಯುತ್ತದೆ. ಜಪಾನಿನಲ್ಲಿ ತಯಾರಾಗುತ್ತಿದ್ದ ಕೋಪಾಲ್ 3 ಎಂಬ ದೊಡ್ಡ ಷಟರು ತೆರೆಯುವುದು ಸುಮಾರು 45 ಮಿ.ಮೀ. ಮಾತ್ರ. ಅದನ್ನು ಮಸೂರದ ಮುಂದೆ ಕೂಡಿಸಿದರೆ ಒಳಬರುವ ಬೆಳಕು ಅರ್ಧಕ್ಕಿಂತಲೂ ಕಡಮೆಯಾಗುತ್ತದೆ. ಯಾವ ಗುಣಕ್ಕಾಗಿ ಮಸೂರವನ್ನು ತಂದರೋ ಆ ಗುಣವೇ ನಷ್ಟವಾಗುತ್ತದೆ.

ಎರಡನೆಯದು ಗಾಜುಗಳ ನಡುವಣ ಅಂತರ. ಮಸೂರದ ಮುಂದಿನ ಭಾಗ, ಹಿಂದಿನ ಭಾಗ ಎರಡನ್ನೂ ಬಿಚ್ಚಿ ಷಟರಿನ ಇಕ್ಕೆಲಗಳಿಗೆ ತಿರುಪಿ ಕೂಡಿಸುವುದುಂಟು. ತಿರುಪು ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಷಟರು ತೆಳುವಾಗಿದ್ದರೆ ಹಿತ್ತಾಳೆಯ ಸಣ್ಣ ಬಳೆಯಿಟ್ಟು ಅಂತರವನ್ನು ಸರಿಪಡಿಸಬಹುದು, ದಪ್ಪವಾಗಿದ್ದರೆ ಉಪಾಯವಿಲ್ಲ. ಅಂತರ ತಪ್ಪಿದರೆ ಚಿತ್ರದ ಸ್ಫುಟತೆ ಕೆಡುತ್ತದೆ. ಇನ್ನು ಷಟರಿನ ಮೇಲೆ ಕೊರೆದ ದ್ವಾರಸಂಖ್ಯೆಗಳು ಬೇರೊಂದು ಮಸೂರದವು. ಅವನ್ನು ನಂಬದೆ ಹೊಸದಾಗಿ ಲೆಕ್ಕಹಾಕಿ ಗುರುತಿಸಬೇಕು.

ಅವಸರದವನಿಗೆ ಇಲ್ಲೊಂದು ಸುಲಭ ಮಾರ್ಗ ಹೊಳೆಯುತ್ತದೆ: ಮಸೂರದ ಕೊಳವೆಯನ್ನೇ ಲೇತ್ ಯಂತ್ರಕ್ಕೆ ಕೊಟ್ಟು ಷಟರಿಗೆ ತಕ್ಕಂತೆ ಕೊರೆಯುವುದು. ಷಟರು ಸವೆದರೆ ಮತ್ತೊಂದು ದೊರೆತೀತು. ಕೊರೆದ ಹಿತ್ತಾಳೆ ಮತ್ತೆ ಕೂಡದು. ಅದರೊಡನೆ ತಯಾರಕನ ಹೆಸರೂ ಊರೂ ಅಳಿಸಿಹೋಗಬಹುದು. ಮೂಗಿಗಿಂತ ಮೂಗುತಿ ಭಾರವಾಗಬಾರದು. ಮೂಗುತಿಗಾಗಿ ಮೂಗನ್ನು ಕೊಯ್ಯಲಂತೂ ಬಾರದು.

ತಾಳ್ಮೆಯುಳ್ಳವರಿಗೆ ಬೇರೆ ಹಾದಿಗಳಿವೆ. ಇಂಗ್ಲೆಂಡಿನ ಥಾರ್ನ್‌ಟನ್-ಪಿಕಾರ್ಡ್ ಷಟರಿನಲ್ಲಿ ಕಪ್ಪು ಬಟ್ಟೆಯ ಪರದೆ ಮಸೂರದ ಮುಂದೆ ಸುರುಳಿ ಬಿಚ್ಚಿ ಓಡುತ್ತದೆ. ಅಮೆರಿಕದ ಪ್ಯಾಕರ್ಡ್ ಷಟರು ರಬ್ಬರಿನ ಉಂಡೆಯನ್ನು ಹಿಸುಕಿದಾಗ ಗಾಳಿಯ ಒತ್ತಡದಿಂದ ತೆರೆಯುತ್ತದೆ. ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಿ ಷಟರು ಫಿಲ್ಮಿನ ಮುಂದೆಯೇ ಇರುವುದರಿಂದ ಮಸೂರಕ್ಕೆ ಬೇರೆ ಷಟರೇ ಬೇಡ. ಇವುಗಳಲ್ಲಿ ಯಾವುದೂ ಹಳೆಯ ಗಾಜನ್ನಾಗಲಿ ಲೋಹವನ್ನಾಗಲಿ ನೋಯಿಸುವುದಿಲ್ಲ.

ಹಳೆಯದನ್ನು ಹೊಸದಕ್ಕೆ ಹೊಂದಿಸುವಾಗ ಯಾವುದು ಬಾಗಬೇಕು, ಯಾವುದು ಬಾಗಬಾರದು ಎಂಬ ವಿವೇಕವೇ ಮುಖ್ಯ. ಆ ವಿವೇಕವುಳ್ಳವನ ಕೈಯಲ್ಲಿ, ಕುದುರೆಗಾಡಿಗಳ ಕಾಲವನ್ನು ಕಂಡ ಮಸೂರವೊಂದು ಇಂದಿನ ಮಗುವಿನ ಮುಖವನ್ನೂ ಅಷ್ಟೇ ಅಕ್ಕರೆಯಿಂದ ಕಾಣಬಲ್ಲುದು.