ಸದ್ದಿಲ್ಲದೆ ಸೋರುವ ನೀರು

ಮನೆಯಲ್ಲಿ ಅಡಿಗೆಯ ಕೋಣೆ, ಪೂಜೆಯ ಕೋಣೆಗಳ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಚೆಲ್ಲಿದರೂ ಕೇಳುವವರುಂಟು. ಶೌಚಾಲಯದ ಪಾಡು ಹಾಗಲ್ಲ. ಹೋದವರು ಬೇಗ ಹೊರಬರುವ ಸ್ಥಳವದು. ಆದುದರಿಂದಲೇ ಅಲ್ಲಿಯ ನಷ್ಟ ಬಹುದಿನ ಕಾಣದೆ ಉಳಿಯುತ್ತದೆ.

ಕೊಡ್ಲಿಯ ನಮ್ಮ ಮನೆಯಲ್ಲಿ ಯಜಮಾನಿತಿಯ ಮೊಣಕಾಲು ನೋವಿನ ನಿಮಿತ್ತ ಮಗನು ಕಮೋಡು ಕೂಡಿಸಿದ್ದನು. ಕಳೆದ ಬೇಸಿಗೆಯಲ್ಲಿ ಒಂದು ಮುಂಜಾನೆ ಸೊಸೆ, “ಮಾವಾರ, ರಾತ್ರಿ ತುಂಬಿಸಿದ ಮಾಳಿಗಿ ಮ್ಯಾಲಿನ ಟಾಕಿ ದಿನಾ ನಾಲ್ಕು ಬೆರಳು ಇಳಿದಿರ್ತದ” ಎಂದಳು. ನಲ್ಲಿಗಳೆಲ್ಲ ಬಂದಾಗಿದ್ದವು, ಗೋಡೆಗಳಲ್ಲಿ ತೇವವಿರಲಿಲ್ಲ. ನೋಡಲು ಬಂದ ಕೆಲಸಗಾರನೊಬ್ಬನು, ಟಾಕಿಯೇ ಸೀಳಿದೆ, ಹೊಸದು ತರಬೇಕೆಂದನು. ತೊಗರಿ ಮಾರಿ ಉಳಿಸಿದ ಹಣಕ್ಕೆ ಕೈಹಾಕುವ ಮೊದಲು ಕಮೋಡನ್ನು ಪರೀಕ್ಷಿಸೋಣವೆಂದೆ.

ಪರೀಕ್ಷೆ ಸುಲಭವಾದುದು. ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಗಳನ್ನು ಕಮೋಡಿನ ಹಿಂದಿನ ಫ್ಲಷ್ ಟಾಕಿಗೆ ಬಿಟ್ಟು, ಅರ್ಧ ತಾಸು ಯಾರೂ ನೀರು ಬಿಡದಂತೆ ನೋಡಿಕೊಂಡೆವು. ಆಮೇಲೆ ನೋಡಿದರೆ ಕಮೋಡಿನೊಳಗಿನ ನೀರು ನೀಲಿಯಾಗಿತ್ತು. ಸದ್ದಿಲ್ಲದ ಸೋರಿಕೆ ಬಣ್ಣದಿಂದ ಬಯಲಾಯಿತು.

ನೀರು ಹೀಗೆ ಇಳಿಯಲು ಎರಡು ದಾರಿಗಳಿವೆ. ಟಾಕಿಯ ತಳದ ರಬ್ಬರ್ ವಾಷರ್ ಸವೆದಿದ್ದರೆ ಅದರ ಸಂದಿಯಿಂದ ಇಳಿಯುತ್ತದೆ. ತೇಲುವ ಚೆಂಡು ತೀರ ಮೇಲಿದ್ದರೆ, ನೀರು ತುಂಬುತ್ತಲೇ ಹೋಗಿ, ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಬಾಯಿಗೆ ಬೀಳುತ್ತದೆ. ಇವುಗಳಲ್ಲಿ ಯಾವುದೆಂದು ತಿಳಿಯಲು, ಟಾಕಿಗೆ ನೀರು ಬರುವ ಸಣ್ಣ ಕಾಕನ್ನು ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲ್ಲಿನ ಗುರುತು ಹಾಕಬೇಕು. ಮಟ್ಟ ಇಳಿದರೆ ದೋಷ ತಳದಲ್ಲಿ. ನಮ್ಮಲ್ಲಿ ಒಂದು ಗಂಟೆಯ ನಂತರ ಮತ್ತೆ ಗುರುತಿನವರೆಗೆ ತುಂಬಲು ಆರು ಲೀಟರ್ ನೀರು ಬೇಕಾಯಿತು. ಅಂದರೆ ದಿನಕ್ಕೆ 144 ಲೀಟರ್! 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರೆಂದು ಗೊತ್ತುಪಡಿಸಿದೆ. ಎರಡೂವರೆ ಜನರ ಪಾಲಿಗಿಂತ ಹೆಚ್ಚು ನೀರು ನಮ್ಮ ಮನೆಯಲ್ಲಿ ಯಾರಿಗೂ ಉಪಯೋಗವಾಗದೆ ಹರಿದುಹೋಗುತ್ತಿತ್ತು. ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಮುಚ್ಚಳ ತೆಗೆಯುವಾಗ ಯಜಮಾನಿತಿ, “ಸಂಡಾಸದ ಟಾಕ್ಯಾಗ ನೀವು ಕೈ ಹಾಕ್ತೀರೇನ್ರಿ?” ಎಂದು ತಡೆದಳು. ಆ ಟಾಕಿಗೆ ಬರುವುದು ಅಡಿಗೆಯ ನಲ್ಲಿಗೆ ಬರುವ ನೀರೇ. ಕಮೋಡಿಗೆ ಇಳಿಯುವವರೆಗೆ ಅದಕ್ಕೆ ಯಾವ ಹೊಲಸೂ ಸೋಂಕಿರುವುದಿಲ್ಲ. ಹೊಲಸಿರುವುದು ‘ಅದು ನಮ್ಮ ಕೆಲಸವಲ್ಲ’ ಎಂಬ ಭಾವನೆಯಲ್ಲಿ. ಮನುಷ್ಯರಿಂದ ಮಲ ಬಳಿಸುವುದನ್ನು 1993ರ ಕಾಯಿದೆ ನಿಷೇಧಿಸಿತು. 2013ರ ಕಾಯಿದೆ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೂ ಶೌಚಾಲಯದ ಕೆಲಸವೆಂದರೆ ಬೇರೊಬ್ಬರದೆಂಬ ಎಣಿಕೆ ಮನೆಗಳಿಂದ ತೊಲಗಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಮಠದಲ್ಲಿ ಕಲಿತವರು, ಕಲಿಸಿದವರು ನಾವು. ಆ ಮಾತಿನ ಪರೀಕ್ಷೆ ವೇದಿಕೆಯ ಮೇಲೆ ನಡೆಯುವುದಿಲ್ಲ. ಇಂಥ ಕಡೆ ನಡೆಯುತ್ತದೆ.

ಕಾಕು ಮುಚ್ಚಿದ್ದಂತೆಯೇ ಟಾಕಿಯನ್ನು ಬರಿದು ಮಾಡಿ ವಾಷರನ್ನು ಬಿಚ್ಚಿದೆವು. ರಬ್ಬರು ಬಿರುಸಾಗಿ, ಅಂಚಿಗೆ ಬಿಳಿಯ ಪೊರೆ ಕಟ್ಟಿತ್ತು. ಶಹಾಬಾದ, ವಾಡಿ, ಸೇಡಂ ಸೀಮೆಯಲ್ಲಿ ನೆಲದಡಿ ಸುಣ್ಣಕಲ್ಲು ಹಾಸಿದೆ. ನಮಗೆ ಫರಸಿಯನ್ನೂ ಸಿಮೆಂಟನ್ನೂ ಕೊಟ್ಟ ಕಲ್ಲೇ ಕೊಳವೆಬಾವಿಯ ನೀರನ್ನು ಗಡುಸು ಮಾಡುತ್ತದೆ. ಆ ನೀರಿನ ಸುಣ್ಣ ವಾಷರಿನ ಅಂಚಿಗೆ ಅಂಟಿದರೆ ಅದು ಸರಿಯಾಗಿ ಕೂಡುವುದಿಲ್ಲ. ವಾಷರ್ ಕೂಡುವ ಜಾಗವನ್ನು ನಿಂಬೆರಸದಿಂದ ಉಜ್ಜಿ, ಅದೇ ಅಳತೆಯ ಹೊಸ ವಾಷರ್ ಹಾಕಿದೆವು. ನೀರು ಕೊಳವೆಯ ಬಾಯಿಗಿಂತ ಒಂದು ಅಂಗುಲ ಕೆಳಗೆ ನಿಲ್ಲುವಂತೆ ಚೆಂಡನ್ನು ತಗ್ಗಿಸಿದೆವು. ಸಾಯಂಕಾಲ ಮತ್ತೆ ನೀಲಿ ಬಿಟ್ಟಾಗ ಕಮೋಡಿನ ನೀರು ತಿಳಿಯಾಗಿಯೇ ಉಳಿಯಿತು. ಹೊಸ ಟಾಕಿಯ ಖರ್ಚು ತಪ್ಪಿತು.

ಒಂದು ಎಚ್ಚರಿಕೆ. ನೀರು ಬಿಟ್ಟಾಗಲೆಲ್ಲ ಕಮೋಡಿನ ಬುಡದಲ್ಲಿ ನೆಲ ಒದ್ದೆಯಾಗುತ್ತಿದ್ದರೆ ಅಲ್ಲಿಂದ ಹೊಲಸು ನೀರು ಬರುತ್ತಿರಬಹುದು. ಅದಕ್ಕೆ ತಡಮಾಡದೆ ಬಲ್ಲ ಕೆಲಸಗಾರನನ್ನು ಕರೆಯಬೇಕು. ಕೈಚೀಲ, ಸಾಬೂನು, ತಕ್ಕ ಕೂಲಿ, ಗೌರವದ ಮಾತು ಇವನ್ನು ಕೊಡಬೇಕು.

ಯುಗಾದಿಗೂ ದೀಪಾವಳಿಗೂ ಮನೆಗೆ ಸುಣ್ಣಬಣ್ಣ ಮಾಡುವ ದಿನಗಳಲ್ಲಿ ಈ ನೀಲಿಯ ಪರೀಕ್ಷೆಯನ್ನೂ ಮಾಡಿರಿ. ಮಕ್ಕಳ ಕೈಯಿಂದಲೇ ಮಾಡಿಸಿರಿ. ನೀರಿನ ಬೆಲೆಯನ್ನೂ ಕೆಲಸದ ಘನತೆಯನ್ನೂ ಅವರು ಒಟ್ಟಿಗೆ ಕಲಿಯಲಿ.