ಡ್ಯಾಶ್‌ಬೋರ್ಡಿನ ಮೇಲೊಂದು ‘ಬಲ’

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಮಾರ್ಚ್ ತಿಂಗಳಿಂದ ಒಂದು ಪಟ್ಟಿ ಅಂಟಿಕೊಂಡಿದೆ. ವೀಸಾ, ಇನ್ಶೂರೆನ್ಸ್, ಮಾತ್ರೆ, ಕೆಂಪು ತ್ರಿಕೋನ, ಹಳದಿ ಜಾಕೆಟ್ ಮೂರು, ಗೊಜ್ಜವಲಕ್ಕಿ. ಮನೆಗೆ ಬಂದವರು ಓದಿ, ‘ಇದೆಂಥ ಪಟ್ಟಿ ಮಾರಾಯ್ತಿ?’ ಎಂದು ನಗುತ್ತಾರೆ. ಇದು ನಮ್ಮ ಮೊದಲ ಹೊರದೇಶದ ಕಾರು ಪ್ರಯಾಣದ ಪಟ್ಟಿ. ನಾವಿರುವ ಇಂಗ್ಲೆಂಡಿನ ರೆಡಿಂಗ್‌ನಿಂದ ಫ್ರಾನ್ಸಿನ ಲೆ ಮಾನ್ ಎಂಬ ಊರಿಗೆ. ಪ್ರತಿ ಜೂನ್‌ನಲ್ಲಿ ಅಲ್ಲಿ ನಡೆಯುವ 24 ಗಂಟೆಯ ಕಾರ್ ರೇಸ್ ನೋಡಲು.

ರೇಸ್ ಹುಚ್ಚು ನನ್ನದಲ್ಲ, ನಮ್ಮವರದು. ಎಂಬತ್ತರ ದಶಕದಲ್ಲಿ ಸೋದರಮಾವನ ಜತೆ ಬೆಂಗಳೂರಿಂದ ರಾತ್ರಿ ರೈಲು ಹತ್ತಿ, ಮದ್ರಾಸಿನ ಹತ್ತಿರದ ಶೋಳಾವರಂನ ಹಳೇ ವಿಮಾನದಾರಿಯಲ್ಲಿ ರೇಸ್ ನೋಡಿ ಬಂದ ಹುಡುಗ ಅವರು. ಆ ಪೆಟ್ರೋಲಿನ ವಾಸನೆ ಇನ್ನೂ ಮೂಗಲ್ಲಿದೆ ಅನ್ನುತ್ತಾರೆ. ಲೆ ಮಾನ್ ರೇಸ್ ಶುರುವಾಗಿದ್ದು 1923ರಲ್ಲಿ. ಟ್ರ್ಯಾಕಿನ ಒಂದು ಸುತ್ತು 13.626 ಕಿಲೋಮೀಟರ್. ಅದರಲ್ಲಿ ಒಂದು ಭಾಗ ಬೇರೆ ದಿನಗಳಲ್ಲಿ ಜನ ಓಡಾಡುವ ಮಾಮೂಲಿ ರಸ್ತೆ. 2012ರಲ್ಲಿ ಕರುಣ್ ಚಂಡೋಕ್ ಇಲ್ಲಿ ಓಡಿಸಿದ ಮೊದಲ ಭಾರತೀಯ, 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಕೂಡ ಓಡಿಸಿದ. ಇದೆಲ್ಲ ನನಗೆ ಬಾಯಿಪಾಠ, ಊಟದ ಹೊತ್ತಲ್ಲಿ ಕೇಳಿ ಕೇಳಿ.

ಅವರಿಗೆ ಐವತ್ತು ತುಂಬುವ ವರ್ಷ ಹೋಗೋಣ ಎಂದು ನವೆಂಬರಿನಲ್ಲೇ ಟಿಕೆಟ್ ಕೊಂಡಿದ್ದೆವು. ಅವರು ಓಡಿಸುವುದು, ನಾನು ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು ಕೊಡುವುದು, ಮಗಳು ಹಿಂದೆ ಮಲಗುವುದು. ಇಪ್ಪತ್ತು ವರ್ಷದಿಂದ ನಮ್ಮ ಪ್ರಯಾಣ ನಡೆದದ್ದೇ ಹಾಗೆ.

ಜನವರಿಯ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಅವರಿಗೆ ಫಿಟ್ಸ್ ಬಂತು. ಫೆಬ್ರವರಿಯಲ್ಲಿ ಇನ್ನೊಮ್ಮೆ. ಸ್ಕ್ಯಾನು, ಪರೀಕ್ಷೆ, ಮಾತ್ರೆ ಎಲ್ಲ ಆಯಿತು. ಡಾಕ್ಟರು ಎರಡು ಮಾತು ಹೇಳಿದರು. ಒಂದು, ನಿದ್ದೆಗೆಡಬಾರದು, ನಿದ್ದೆ ಕೆಟ್ಟರೆ ಮತ್ತೆ ಬರಬಹುದು. ಎರಡು, ಕಾರು ಓಡಿಸುವ ಹಾಗಿಲ್ಲ. ಇಲ್ಲಿನ ನಿಯಮದಂತೆ ಒಂದು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೇ ಮತ್ತೆ ಸ್ಟಿಯರಿಂಗ್ ಹಿಡಿಯಬಹುದು. ಲೈಸೆನ್ಸನ್ನು ಲಕೋಟೆಗೆ ಹಾಕಿ ಕಳಿಸಿದ ದಿನ ಅವರು ಯಾರ ಜತೆಗೂ ಮಾತಾಡಲಿಲ್ಲ. ಸಂಜೆ, ‘ಟಿಕೆಟ್ ಮಾರಿಬಿಡೋಣ’ ಅಂದರು. ಅಷ್ಟೇ.

ನಾನು ಆಗ ಏನು ಯೋಚಿಸಿ ಹೇಳಿದೆನೋ ಗೊತ್ತಿಲ್ಲ. ‘ಬೇಡ ರೀ, ನಾನು ಓಡಿಸ್ತೀನಿ’ ಅಂದೆ.

ಹೇಳುವುದು ಸುಲಭ. ನಾನು ಲೈಸೆನ್ಸ್ ಪಡೆದು ಒಂಬತ್ತು ವರ್ಷವಾದರೂ ಮಗಳ ಶಾಲೆ, ಅಂಗಡಿ, ಕೆಲಸ, ಇಷ್ಟರಲ್ಲೇ ಓಡಿಸಿಕೊಂಡಿದ್ದವಳು. ಮೋಟಾರ್‌ವೇ ಹತ್ತಿದರೆ ಅಂಗೈ ಬೆವರುತ್ತಿತ್ತು. ಅಂಥವಳು ರಸ್ತೆಯ ಬಲಗಡೆ ಓಡಿಸುವ ದೇಶದಲ್ಲಿ ನಾನೂರು ಕಿಲೋಮೀಟರ್ ದಾಟಬೇಕು.

ಮೈಸೂರಿನಿಂದ ಅತ್ತೆ ಫೋನ್ ಮಾಡಿದರು. ‘ಅಲ್ಲ ಕಣೇ, ಅವನಿಗೆ ಹಿಂಗಾಗಿದೆ. ನಿನಗಾದ್ರೂ ಬುದ್ಧಿ ಬೇಡ್ವಾ? ಟಿವೀಲಿ ತೋರಿಸಲ್ವಾ ಅದನ್ನ?’ ಅವರ ಮಾತು ತಪ್ಪೆಂದು ನನಗೂ ಅನಿಸಲಿಲ್ಲ. ಆದರೆ ಫೆಬ್ರವರಿಯಿಂದ ಮನೆಯಲ್ಲಿ ನಾವು ಅವರನ್ನು ಕಾಯಿಲೆಯವರಂತೆ ನೋಡುತ್ತಿದ್ದೆವು. ಬಾತ್‌ರೂಮಿನ ಚಿಲಕ ಹಾಕಬೇಡಿ, ಒಲೆ ಹತ್ತಿರ ನಿಲ್ಲಬೇಡಿ, ಒಬ್ಬರೇ ಹೋಗಬೇಡಿ. ಬೇಡ ಅನ್ನುವ ಪಟ್ಟಿಯೇ ಬೆಳೆಯುತ್ತಿತ್ತು. ಬೇಕು ಅನ್ನುವ ಪಟ್ಟಿ ಒಂದಾದರೂ ಇರಲಿ ಎಂದು ಫ್ರಿಜ್ಜಿನ ಮೇಲೆ ಹಾಳೆ ಅಂಟಿಸಿದೆ.

ಮೊದಲು ವೀಸಾ. ಮಗಳದು ಬ್ರಿಟಿಷ್ ಪಾಸ್‌ಪೋರ್ಟ್, ಅವಳಿಗೆ ಬೇಕಿಲ್ಲ. ನಮ್ಮಿಬ್ಬರದು ಇನ್ನೂ ಭಾರತದ್ದೇ, ಆದ್ದರಿಂದ ಷೆಂಗೆನ್ ವೀಸಾ ಬೇಕು. ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ, ಬ್ಯಾಂಕ್ ಲೆಕ್ಕ, ಉಳಿಯುವ ಜಾಗದ ದಾಖಲೆ ಕೊಡಬೇಕು. ಪ್ರಯಾಣದ ವಿಮೆ ಮಾಡಿಸುವಾಗ ಫಿಟ್ಸ್ ವಿಷಯ ಮುಚ್ಚಿಡಬೇಡಿ ಎಂದು ಇಂಥ ಸ್ಥಿತಿಯಲ್ಲಿರುವ ಎಲ್ಲರಿಗೂ ಹೇಳುತ್ತೇನೆ. ದುಡ್ಡು ಜಾಸ್ತಿಯಾಯಿತು ನಿಜ, ಆದರೆ ರಾತ್ರಿ ನಿದ್ದೆ ಬಂತು.

ಆಮೇಲೆ ಕಾರು. ಇಂಗ್ಲೆಂಡಿನ ಕಾರಿನ ಹೆಡ್‌ಲೈಟು ಎಡಕ್ಕೆ ಬೆಳಕು ಚೆಲ್ಲುವಂತೆ ಇರುತ್ತದೆ. ಬಲಗಡೆ ಓಡಿಸುವಾಗ ಅದು ಎದುರಿಗೆ ಬರುವವರ ಕಣ್ಣಿಗೇ ಹೊಡೆಯುತ್ತದೆ. ಅದಕ್ಕೆ ಲೈಟಿನ ಗಾಜಿಗೆ ಅಂಟಿಸುವ ಸ್ಟಿಕರು ಸಿಗುತ್ತದೆ. ಹಿಂದೆ ‘ಯುಕೆ’ ಎಂದು ಇನ್ನೊಂದು ಸ್ಟಿಕರು. ಕಾರಿನ ಮೂಲ ದಾಖಲೆ, ಕೆಟ್ಟು ನಿಂತರೆ ಇಡಲು ತ್ರಿಕೋನ, ಕೈಗೆ ಸಿಗುವ ಹಾಗೆ ಹಳದಿ ಜಾಕೆಟ್. ಅಲ್ಲಿನ ಹೆದ್ದಾರಿಯಲ್ಲಿ ಗಂಟೆಗೆ 130 ಕಿಲೋಮೀಟರ್ ಮಿತಿ, ಮಳೆ ಬಂದರೆ 110. ನಮ್ಮ ಕಾರಿನ ಮುಳ್ಳು ಮೈಲಿಯಲ್ಲಿ ತೋರಿಸುತ್ತದೆ. 130 ಅಂದರೆ 80 ಮೈಲಿ ಎಂದು ಚೀಟಿ ಬರೆದಿಟ್ಟಿದ್ದೇನೆ. ಊರೊಳಗೆ ಫಲಕವಿಲ್ಲದ ಅಡ್ಡರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕಂತೆ. ಇದನ್ನು ಶಾಲೆಯಲ್ಲಿ ಫ್ರೆಂಚ್ ಓದುವ ಮಗಳು ದಿನಾ ಪ್ರಶ್ನೆ ಕೇಳಿ ನನಗೆ ಕಲಿಸುತ್ತಿದ್ದಾಳೆ. ತಪ್ಪಿದರೆ, ‘ಫೇಲ್, ಅಮ್ಮ!’

ಏಪ್ರಿಲ್‌ನಿಂದ ಭಾನುವಾರ ಬೆಳಗ್ಗೆ ಆರಕ್ಕೇ ಎದ್ದು ಮೋಟಾರ್‌ವೇ ಅಭ್ಯಾಸ. ಪಕ್ಕದಲ್ಲಿ ಅವರು. ಮೊದಲ ಎರಡು ವಾರ ಜಗಳವೋ ಜಗಳ. ‘ಗೇರ್ ಬದಲಾಯಿಸು’, ‘ಅಷ್ಟು ಹತ್ತಿರ ಹೋಗಬೇಡ’, ಕಾಲಡಿ ಇಲ್ಲದ ಬ್ರೇಕನ್ನು ಒತ್ತುವುದು. ಒಂದು ದಿನ ನಾನು ಸರ್ವಿಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ, ‘ನೀವು ಹೀಗೆ ಮಾಡಿದ್ರೆ ನಾನು ಬರಲ್ಲ’ ಎಂದು ಅತ್ತುಬಿಟ್ಟೆ. ಅವರು ಕಾಫಿ ತಂದುಕೊಟ್ಟು ಸುಮ್ಮನೆ ಕೂತರು. ಆಮೇಲೆ, ‘ನನಗೆ ಪಕ್ಕದಲ್ಲಿ ಕೂತು ಗೊತ್ತಿಲ್ಲ ಕಣೇ’ ಅಂದರು. ಇಪ್ಪತ್ತು ವರ್ಷ ಕೂತ ನನಗೆ ಅದೊಂದು ಕೆಲಸವೆಂದು ಹೊಳೆದೇ ಇರಲಿಲ್ಲ.

ಆ ವಾರ ರೇಸಿನ ಬಗ್ಗೆ ನಾನೂ ಓದಲು ಶುರು ಮಾಡಿದೆ. ಅಲ್ಲಿ ಸಿಕ್ಕಿದ್ದು ಪಿಯೆರ್ ಲೆವೆಗ್ ಎಂಬ ಫ್ರೆಂಚ್ ಚಾಲಕನ ಕಥೆ. 1952ರಲ್ಲಿ ಆತ, ಜತೆಗಾರ ಕಾದು ಕುಳಿತಿದ್ದರೂ ಸ್ಟಿಯರಿಂಗ್ ಬಿಟ್ಟುಕೊಡದೆ ಇಪ್ಪತ್ತೆರಡು ಗಂಟೆಗೂ ಹೆಚ್ಚು ಹೊತ್ತು ಒಬ್ಬನೇ ಓಡಿಸಿದ. ಎಲ್ಲರಿಗಿಂತ ಮುಂದಿದ್ದ. ಇನ್ನೇನು ಒಂದು ಗಂಟೆ ಚಿಲ್ಲರೆ ಇದೆ ಅನ್ನುವಾಗ ಎಂಜಿನ್ ಕೆಟ್ಟು ನಿಂತಿತು. ಗೆದ್ದದ್ದು ಮರ್ಸಿಡಿಸ್. ಈಗಿನ ನಿಯಮ ಬೇರೆ. ಒಂದು ಕಾರಿಗೆ ಮೂವರು ಚಾಲಕರು. ಯಾವ ಆರು ಗಂಟೆಯಲ್ಲೂ ಒಬ್ಬರು ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಒಟ್ಟಾರೆ ಹದಿನಾಲ್ಕು ಗಂಟೆ ಮೀರುವಂತಿಲ್ಲ. (1955ರಲ್ಲಿ ಇದೇ ಟ್ರ್ಯಾಕಿನಲ್ಲಿ ಅದೇ ಲೆವೆಗ್‌ನ ಕಾರು ಜನರ ಮೇಲೆ ಸಿಡಿದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಆತನೂ ಉಳಿಯಲಿಲ್ಲ. ಅತ್ತೆಗೆ ಇದನ್ನು ಹೇಳಿಲ್ಲ, ದಯವಿಟ್ಟು ನೀವೂ ಹೇಳಬೇಡಿ.)

ಲೆವೆಗ್ ಕಥೆ ಇವರಿಗೆ ಗೊತ್ತೇ ಇತ್ತು. ಆದರೆ ನಾನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಬಿಟ್ಟು, ‘ಸರಿ, ನನ್ನ ಪಾಳಿ ಯಾವುದು ಹೇಳು’ ಅಂದರು.

ಪಕ್ಕದಲ್ಲಿ ಕೂತವರಿಗೂ ಕೆಲಸ ಎಷ್ಟಿದೆ ಎಂದು ಆಗ ಗೊತ್ತಾಯಿತು. ನಮ್ಮ ಕಾರಿನ ಸ್ಟಿಯರಿಂಗ್ ಬಲಗಡೆ. ಫ್ರಾನ್ಸಿನಲ್ಲಿ ಮುಂದಿರುವ ಲಾರಿಯನ್ನು ದಾಟಬೇಕೆಂದರೆ ಎದುರಿನ ರಸ್ತೆ ನನಗೆ ಕಾಣುವುದಿಲ್ಲ, ಎಡಗಡೆ ಕೂತ ಅವರಿಗೆ ಕಾಣುತ್ತದೆ. ಟೋಲ್ ಬೂತೂ ಎಡಗಡೆಗೇ ಬರುತ್ತದೆ. ಚೀಟಿ ತೆಗೆಯುವುದು, ದುಡ್ಡು ಕೊಡುವುದು ಅವರದೇ ಪಾಳಿ. ದಾರಿಯನ್ನೂ ಅವರೇ ತುಂಡು ಮಾಡಿದ್ದಾರೆ. ರೆಡಿಂಗ್‌ನಿಂದ ಫೋಕ್‌ಸ್ಟನ್. ಅಲ್ಲಿಂದ ಕಾರನ್ನೇ ರೈಲಿಗೆ ಹತ್ತಿಸಿ ಕಡಲಡಿಯ ಸುರಂಗದಲ್ಲಿ 35 ನಿಮಿಷಕ್ಕೆ ಕ್ಯಾಲೆ. ಆಮೇಲೆ ರುವಾಂ ಎಂಬ ಊರಿನಲ್ಲಿ ರಾತ್ರಿ ತಂಗಿ ಮರುದಿನ ಲೆ ಮಾನ್. ನಾನು ಎರಡು ಗಂಟೆಗಿಂತ ಹೆಚ್ಚು ಒಂದೇ ಸಮ ಓಡಿಸುವಂತಿಲ್ಲ. ಇದು ಅವರು ನನಗೆ ಹಾಕಿದ ನಿಯಮ.

ನಾನು ಹಾಕಿದ ನಿಯಮ ಕಠಿಣ. ರೇಸ್ ಶನಿವಾರ ಸಂಜೆ ನಾಲ್ಕಕ್ಕೆ ಶುರುವಾಗಿ ಭಾನುವಾರ ನಾಲ್ಕಕ್ಕೆ ಮುಗಿಯುತ್ತದೆ. ಹೋದವರೆಲ್ಲ ಟ್ರ್ಯಾಕಿನ ಪಕ್ಕ ಟೆಂಟ್ ಹಾಕಿ ರಾತ್ರಿಯಿಡೀ ಎದ್ದಿರುತ್ತಾರೆ. ಕತ್ತಲಲ್ಲಿ ಬರೀ ದೀಪಗಳು ಹಾರಿಹೋಗುವುದು, ಆಮೇಲೆ ಬೆಳಗಾಗುವುದು, ಅದೇ ಲೆ ಮಾನ್ ಎಂದು ಇವರು ನೂರು ಸಲ ಹೇಳಿದ್ದಾರೆ. ಡಾಕ್ಟರು ಹೇಳಿದ್ದು ನಿದ್ದೆಗೆಡಬಾರದೆಂದು. ಟೆಂಟಿನ ಆಸೆ ಬಿಟ್ಟು ಊರೊಳಗೆ ರೂಮು ಹುಡುಕಿದೆವು. ಯಾರೋ ರದ್ದು ಮಾಡಿದ್ದರಿಂದ ಸಿಕ್ಕಿತು. ಟ್ರಾಮ್ ಊರಿನಿಂದ ಟ್ರ್ಯಾಕಿನ ಹತ್ತಿರದವರೆಗೂ ಹೋಗುತ್ತದೆ, ಹಾಗಾಗಿ ಆ ಎರಡು ದಿನ ಕಾರು ಮುಟ್ಟಬೇಕಿಲ್ಲ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತರ ಹೊತ್ತಿಗೆ. ಕತ್ತಲ ಮೊದಲ ಗಂಟೆ ನೋಡಿ, ಮಾತ್ರೆ ನುಂಗಿ, ರೂಮಿಗೆ ಬಂದು ಬೆಳಗ್ಗೆ ಏಳರವರೆಗೆ ಮಲಗುವುದು. ಬೆಳಗಾಗುವುದನ್ನು ಅವರು ನೋಡುವುದಿಲ್ಲ.

‘ಬೇಜಾರಾ?’ ಎಂದು ಕೇಳಿದೆ. ‘ಆಗಲ್ಲ ಅಂದ್ರೆ ಸುಳ್ಳಾಗುತ್ತೆ’ ಅಂದರು. ‘ಆದ್ರೆ ಕತ್ತಲಾದ್ರೂ ಸಿಗುತ್ತಲ್ಲ.’ ನನಗೂ ಸಮಾಧಾನ ಹೇಳಲು ಮಾತಿರಲಿಲ್ಲ.

ತಿಂಡಿಯ ವಿಷಯದಲ್ಲೂ ಒಂದು ಪಾಠ. ಬ್ರಿಟನ್ನಿನಿಂದ ಅಲ್ಲಿಗೆ ಹಾಲು, ಮೊಸರು, ತುಪ್ಪ, ಮಾಂಸ ಏನನ್ನೂ ಒಯ್ಯುವಂತಿಲ್ಲ. ಗೊಜ್ಜವಲಕ್ಕಿ, ಚಟ್ನಿಪುಡಿ, ಕೋಡುಬಳೆಗೆ ತಕರಾರಿಲ್ಲ. ಕೋಡುಬಳೆಯನ್ನು ಎಣ್ಣೆಯಲ್ಲೇ ಕರಿದು ಡಬ್ಬಿಗೆ ತುಂಬಿದ್ದೇನೆ. ಮೊಸರು ಅಲ್ಲೇ ಕೊಂಡರಾಯಿತು.

ಇನ್ನು ಆರು ದಿನ ಇದೆ. ಪಟ್ಟಿಯಲ್ಲಿ ಎಲ್ಲದಕ್ಕೂ ಟಿಕ್ ಬಿದ್ದಿದೆ. ನಿನ್ನೆ ಕಾರು ಹತ್ತಿದಾಗ ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳದಿ ಚೀಟಿ ಕಂಡಿತು. ಇವರು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ‘ಬಲ’ ಎಂದು ಬರೆದು ಅಂಟಿಸಿದ್ದರು. ‘ಸುರಂಗ ದಾಟಿದ ಮೇಲೆ ಇದನ್ನ ನೋಡ್ಕೊಂಡೇ ಓಡಿಸು. ಎಡಕ್ಕೆ ಹೋದ್ರೆ ಎಡವಟ್ಟು’ ಅಂದರು.

ರಾತ್ರಿ ಅತ್ತೆಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊರಡೋವಾಗ ದೇವರಿಗೊಂದು ದೀಪ ಹಚ್ಚಿ ಹೋಗು. ಅವನು ಮಾತ್ರೆ ತಗೊಂಡ್ನಾ ಅಂತ ದಿನಾ ಮೆಸೇಜ್ ಹಾಕು’ ಅಂದರು. ಬೇಡ ಅನ್ನಲಿಲ್ಲ.

ಆ ಎರಡನ್ನೂ ಪಟ್ಟಿಯ ಕೊನೆಗೆ ಬರೆದುಕೊಂಡೆ.