ಚಲಚ್ಚಿತ್ರದ ಯೋಗಕ್ಷೇಮ

ಯೋಗಕ್ಷೇಮವೆಂಬ ಮಾತು ಕನ್ನಡ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿರುವುದು. ನೆಂಟರಿಷ್ಟರು ಬಂದಾಗ ಮೊದಲು ವಿಚಾರಿಸುವುದು ಅದನ್ನೇ. ಆದರೆ ಆ ಒಂದು ಮಾತಿನೊಳಗೆ ಎರಡು ಮಾತುಗಳು ಅಡಗಿರುವುವೆಂಬುದು ಎಷ್ಟೋ ವೇಳೆ ನೆನಪಿಗೆ ಬರುವುದಿಲ್ಲ. ಇಲ್ಲದುದನ್ನು ಪಡೆಯುವುದು ಯೋಗವೆಂದೂ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ಹಿಂದಿನ ವ್ಯಾಖ್ಯಾನಕಾರರು ವಿಂಗಡಿಸಿದ್ದಾರೆ. ಪ್ರಜೆಗಳ ವಿಷಯದಲ್ಲಿ ರಾಜನಿಗೆ ಈ ಎರಡು ಹೊಣೆಗಳೂ ಇರುವುವೆಂಬುದು ಶಾಸ್ತ್ರಕಾರರ ಅಭಿಪ್ರಾಯ. ಸ್ವಾತಂತ್ರ್ಯಾನಂತರ ಭಾರತದ ಸರ್ಕಾರಗಳು ಚಲಚ್ಚಿತ್ರಕಲೆಗೆ ನೀಡಿದ ಆಶ್ರಯವನ್ನು ಈ ಮಾತಿನ ಬೆಳಕಿನಲ್ಲಿ ನೋಡಿದರೆ, ಯೋಗದ ಕಡೆಗೆ ಕೈ ಧಾರಾಳವಾಗಿ ಚಾಚಿದುದೂ, ಕ್ಷೇಮದ ಕಡೆಗೆ ಅದು ಬಹಳ ತಡವಾಗಿ ತಿರುಗಿದುದೂ ಕಂಡುಬರುವುದು.

ಈ ಆಶ್ರಯದ ಕಥೆಗೆ ಸೊಗಸಾದ ಆರಂಭವೊಂದುಂಟು. 1952ರಲ್ಲಿ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದ ಸತ್ಯಜಿತ್ ರಾಯರು ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯೊಂದನ್ನು ತೆರೆಗೆ ತರಲು ಹೊರಟರು. ವಿಮೆಯ ಪಾಲಿಸಿಯ ಮೇಲೆ ಸಾಲ ಪಡೆದರು; ಹೆಂಡತಿಯ ಒಡವೆಗಳು ಒತ್ತೆ ಬಿದ್ದವು. ಅಷ್ಟಾದರೂ ಹಣ ಸಾಲದೆ ಕೆಲಸ ನಿಂತುಹೋಯಿತು. ಕೊನೆಗೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿದ್ದ ಡಾಕ್ಟರ್ ಬಿಧಾನಚಂದ್ರ ರಾಯರ ಸರ್ಕಾರವು ನೆರವಿಗೆ ಬಂದಿತು. ಹಾಡು, ಕುಣಿತ, ತಾರೆಯರು ಯಾವುದೂ ಇಲ್ಲದ ಕಥೆಗೆ ಹಣ ಕೊಡಲು ಸರ್ಕಾರದ ಲೆಕ್ಕಪತ್ರದಲ್ಲಿ ಶೀರ್ಷಿಕೆಯೇ ಇರಲಿಲ್ಲ. ‘ಪಥೇರ್ ಪಾಂಚಾಲಿ’ಯ ಹೆಸರಿನಲ್ಲಿಯೇ ದಾರಿಯಿದ್ದುದರಿಂದ ರಸ್ತೆ ಸುಧಾರಣೆಯ ಬಾಬತಿನಿಂದ ಹಣ ಬಂದಿತೆಂಬುದು ಇಂದಿಗೂ ನಗುನಗುತ್ತ ಹೇಳುವ ಸಂಗತಿ. 1955ರಲ್ಲಿ ಆ ಚಿತ್ರ ಬಿಡುಗಡೆಯಾಯಿತು. ಮರುವರ್ಷ ಫ್ರಾನ್ಸಿನ ಕಾನ್ ನಗರದ ಉತ್ಸವದಲ್ಲಿ ಉತ್ತಮ ಮಾನವ ದಾಖಲೆಯೆಂದು ಪುರಸ್ಕೃತವಾಯಿತು. ಹಾಕಿದ ಹಣವೂ ಸರ್ಕಾರಕ್ಕೆ ನಷ್ಟವಾಗಲಿಲ್ಲ. ಬಂಗಾಳದ ಯಾವ ರಸ್ತೆಯೂ ಇಷ್ಟು ದೂರ ಹೋಗಿರಲಿಲ್ಲವೆಂದರೆ ಅತ್ಯುಕ್ತಿಯಾಗದು.

ಆದರೂ ವಿಚಾರಶೀಲರಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಊರಿನಲ್ಲಿ ಶಾಲೆಗೆ ಮಾಡಿಲ್ಲ, ಆಸ್ಪತ್ರೆಗೆ ಮದ್ದಿಲ್ಲ. ಹೀಗಿರುವಾಗ ತೆರಿಗೆಯ ಹಣವನ್ನು ಚಲಚ್ಚಿತ್ರಕ್ಕೆ ಸುರಿಯುವುದು ಧರ್ಮವೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕವಿಯಾದವನು ಬಡವನಾಗಿದ್ದರೂ ಬರೆಯಬಲ್ಲನು. ಅವನಿಗೆ ಬೇಕಾದುದು ಕಾಗದ ಮತ್ತು ಲೇಖನಿ. ಚಲಚ್ಚಿತ್ರಕ್ಕಾದರೋ ಯಂತ್ರಗಳು ಬೇಕು, ಸಂಸ್ಕರಣಶಾಲೆ ಬೇಕು, ಹತ್ತಾರು ಜನರ ತಿಂಗಳುಗಟ್ಟಲೆಯ ದುಡಿಮೆ ಬೇಕು. ಇಷ್ಟು ಬಂಡವಾಳ ಹೂಡುವ ವರ್ತಕನು ಹಿಂದೆ ಗೆದ್ದುದನ್ನೇ ಮತ್ತೆ ಮಾಡಿಸಲು ಬಯಸುವನು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ ಆ ಒಂದೇ ದಾರಿ ತೆರೆದಿದ್ದರೆ ಹೊಸ ಮಾತು ಹುಟ್ಟುವ ಬಗೆ ಹೇಗೆ? ಸಣ್ಣ ಭಾಷೆಯ ಜನರು ತಮ್ಮ ಮುಖವನ್ನು ತೆರೆಯ ಮೇಲೆ ನೋಡಿಕೊಳ್ಳುವ ಬಗೆ ಹೇಗೆ? ಪುಸ್ತಕ ಭಂಡಾರಕ್ಕೂ ಪ್ರಾಚ್ಯವಸ್ತು ಸಂಗ್ರಹಾಲಯಕ್ಕೂ ಸಲ್ಲುವ ಸಮರ್ಥನೆಯೇ ಇದಕ್ಕೂ ಸಲ್ಲುವುದು. ಶಾಲೆಯ ಪಾಲನ್ನು ಕಿತ್ತು ಕೊಡಬಾರದೆಂಬ ನಿಯಮ ಮಾತ್ರ ಇರಬೇಕು.

ಈ ವಿಚಾರವು ದೆಹಲಿಯಲ್ಲಿಯೂ ಮೊದಲೇ ಎದ್ದಿದ್ದಿತು. 1949ರಲ್ಲಿ ಎಸ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಚಲಚ್ಚಿತ್ರ ವಿಚಾರಣಾ ಸಮಿತಿಯೊಂದು ನೇಮಕವಾಗಿ, 1951ರಲ್ಲಿ ವರದಿಯನ್ನೊಪ್ಪಿಸಿತು. ಸಾಲ ಕೊಡುವ ನಿಗಮವೊಂದು ಬೇಕು, ಕಲೆಯನ್ನು ಕಲಿಸುವ ಶಾಲೆಯೊಂದು ಬೇಕು, ಎಂದು ಅದು ಸೂಚಿಸಿತು. ಸೂಚನೆಗೂ ಕಾರ್ಯಕ್ಕೂ ನಡುವೆ ಒಂಬತ್ತು ವರ್ಷಗಳು ಕಳೆದುವು. 1960ರಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಹುಟ್ಟಿತು. ಅದೇ ವರ್ಷ ಪುಣೆಯಲ್ಲಿ, ಹಿಂದೆ ಪ್ರಭಾತ್ ಕಂಪನಿಯ ಸ್ಟುಡಿಯೋ ಇದ್ದ ಆವರಣದಲ್ಲಿಯೇ, ಚಲಚ್ಚಿತ್ರ ವಿದ್ಯಾಸಂಸ್ಥೆ ಆರಂಭವಾಯಿತು. ಹಳೆಯ ಚಿತ್ರಗಳನ್ನು ಕಾಪಿಡುವ ರಾಷ್ಟ್ರೀಯ ಸಂಗ್ರಹಾಲಯವು ಅಲ್ಲಿಯೇ ನೆಲೆಗೊಂಡುದು 1964ರಲ್ಲಿ.

ಫೈನಾನ್ಸ್ ಕಾರ್ಪೊರೇಷನ್ನು ಕೊಡುತ್ತಿದ್ದುದು ದಾನವಲ್ಲ, ಸಾಲ. 1960ರ ದಶಕದ ಕೊನೆಯಲ್ಲಿ ಅದು ಕಡಿಮೆ ವೆಚ್ಚದ ಹೊಸ ಪ್ರಯತ್ನಗಳ ಕಡೆಗೆ ಒಲಿಯಿತು. 1969ರಲ್ಲಿ ಮೃಣಾಲ್ ಸೇನರ ‘ಭುವನ್ ಶೋಮ್’ ಅದರ ಹಣದಿಂದ ಸಿದ್ಧವಾಯಿತು. ಬಿಗುಮೋರೆಯ ರೈಲ್ವೆ ಅಧಿಕಾರಿಯೊಬ್ಬನು ಗುಜರಾತಿನ ಹಳ್ಳಿಯ ಹುಡುಗಿಯೊಬ್ಬಳ ಮುಂದೆ ಮೆತ್ತಗಾಗುವ ಆ ಕಪ್ಪುಬಿಳುಪಿನ ಚಿತ್ರವನ್ನು ಜನರೂ ಮೆಚ್ಚಿದರು. ಹೊಸ ಅಲೆಯೆಂದು ಕರೆಯಲ್ಪಟ್ಟ ಕಾಲವು ಅದರಿಂದ ಮೊದಲಾಯಿತೆಂದು ಬಲ್ಲವರು ಎಣಿಸುವರು. ಅದೇ ಕಾಲದಲ್ಲಿ ಅದೇ ಬೊಕ್ಕಸದ ಹಣದಿಂದ ಮಣಿ ಕೌಲರು ‘ಉಸ್ಕಿ ರೋಟಿ’ಯನ್ನು ಮಾಡಿದರು. ಅದು ಹೊಗಳಿಸಿಕೊಂಡಿತು, ಬೈಸಿಕೊಂಡಿತು. ಆದರೆ ಸಾಮಾನ್ಯ ಚಿತ್ರಮಂದಿರಗಳ ಬಾಗಿಲು ಅದಕ್ಕೆ ತೆರೆಯಲಿಲ್ಲ. ಹೀಗೆ ಡಬ್ಬಿಯಲ್ಲಿಯೇ ಉಳಿದ ಚಿತ್ರಗಳು ಹೆಚ್ಚುತ್ತಿರಲು, 1976ರಲ್ಲಿ ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿಯು ಹಣ ಮರಳಿ ಬಾರದ ಚಿತ್ರಗಳಿಗೆ ಸಾಲ ಕೊಡುವುದನ್ನು ಆಕ್ಷೇಪಿಸಿತು. 1980ರಲ್ಲಿ ಹಳೆಯ ನಿಗಮವು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು.

ಅನ್ನವಿತ್ತವನನ್ನು ಕಲಾವಿದನು ಟೀಕಿಸಲಾರನೆಂಬ ಅಂಜಿಕೆಯೊಂದು ಈ ಪ್ರಸಂಗದಲ್ಲಿ ಕೇಳಿಬರುವುದುಂಟು. ಅದು ನಿರಾಧಾರವೆನ್ನುವಂತಿಲ್ಲ, ಆಸ್ಥಾನಕವಿಗಳ ಸ್ತೋತ್ರಗಳನ್ನು ಓದಿದವರಿಗೆ ಅದರ ಬಲ ಗೊತ್ತು. ಆದರೆ ಪ್ರತ್ಯಕ್ಷ ನಿದರ್ಶನವೊಂದು ಬೇರೆ ಮಾತನ್ನು ಹೇಳುವುದು. 1983ರ ‘ಜಾನೇ ಭೀ ದೋ ಯಾರೋಂ’ ಎಂಬ ಹಿಂದೀ ಚಿತ್ರವು ಈ ನಿಗಮದ ಹಣದಿಂದಲೇ ಆಯಿತು. ಗುತ್ತಿಗೆದಾರರೂ ಪೌರಸಭೆಯ ಅಧಿಕಾರಿಗಳೂ ಕೂಡಿ ಊರನ್ನು ಹಂಚಿಕೊಳ್ಳುವ ಬಗೆಯನ್ನು ಅದು ಹಾಸ್ಯ ಮಾಡಿದಷ್ಟು ನಿರ್ದಾಕ್ಷಿಣ್ಯವಾಗಿ ವರ್ತಕರ ಹಣದ ಚಿತ್ರಗಳಲ್ಲಿ ಎಷ್ಟು ಮಾಡಿದುವು? ಕೊಡುವವನು ದೊಡ್ಡ ಮನಸ್ಸಿನವನಾದರೆ ತನ್ನ ವಿಡಂಬನೆಗೂ ಬೆಲೆ ಕೊಡಬಲ್ಲನು.

ಹಾಗಾದರೆ ಕೊರತೆ ಇದ್ದುದೆಲ್ಲಿ? ಮಾಡಿದುದನ್ನು ತೋರಿಸುವುದರಲ್ಲಿ. ಅಡಿಗೆಗೆ ಅಕ್ಕಿ ಬೇಳೆಗಳನ್ನು ಒದಗಿಸಿ, ಬಡಿಸುವುದಕ್ಕೆ ಎಲೆಯನ್ನು ಮರೆತ ಯಜಮಾನನಂತಾಯಿತು. ಹಣ ಮರಳಿ ಬರಲಿಲ್ಲವೆಂದು ಲೆಕ್ಕಿಗರು ದೂರಿದರು. ಹಣ ತರಬೇಕಾದ ಪ್ರೇಕ್ಷಕನಿಗೆ ಚಿತ್ರವನ್ನು ನೋಡುವ ಸ್ಥಳವೇ ಇರಲಿಲ್ಲ. ಅಲ್ಲದೆ ಮನರಂಜನಾ ತೆರಿಗೆಯೆಂಬುದು 2017ರಲ್ಲಿ ಸರಕು ಸೇವಾ ತೆರಿಗೆಯೊಳಗೆ ಸೇರುವ ತನಕ ರಾಜ್ಯಗಳ ಕೈಯಲ್ಲಿದ್ದಿತು. ಚಲಚ್ಚಿತ್ರದಿಂದ ಬಂದ ಆ ಹಣ ಚಲಚ್ಚಿತ್ರಕ್ಕೇ ಮರಳಬೇಕೆಂಬ ನಿಯಮ ಸಾಮಾನ್ಯವಾಗಿ ಇರಲಿಲ್ಲ. ಒಂದು ಕೈ ಸಾಲ ಕೊಡುತ್ತಿರುವಾಗ ಮತ್ತೊಂದು ಕೈ ಬಾಗಿಲಲ್ಲಿ ಸುಂಕ ಎತ್ತುತ್ತಿದ್ದಿತು. 1980ರ ದಶಕದಲ್ಲಿ ದೂರದರ್ಶನವು ಭಾನುವಾರದ ಮಧ್ಯಾಹ್ನಗಳಲ್ಲಿ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಬಿತ್ತರಿಸಿದಾಗ, ಊಟ ಮುಗಿಸಿ ಕುಳಿತ ಎಷ್ಟೋ ಸಂಸಾರಗಳು ಅಸ್ಸಾಮೀ, ಒಡಿಯಾ, ಮಲಯಾಳಂ ಚಿತ್ರಗಳನ್ನು ಮೊದಲ ಬಾರಿಗೆ ಕಂಡುವು. ಖರ್ಚು ಸ್ವಲ್ಪ, ಫಲ ಬಹಳ. ಕೇರಳವು 1975ರಲ್ಲಿ ರಾಜ್ಯದ್ದೇ ಆದ ಚಲಚ್ಚಿತ್ರ ನಿಗಮವನ್ನು ಸ್ಥಾಪಿಸಿ, ಸ್ಟುಡಿಯೋವನ್ನಷ್ಟೇ ಅಲ್ಲದೆ ಚಿತ್ರಮಂದಿರಗಳನ್ನೂ ಕಟ್ಟಿಸಿತು. ತಿರುವನಂತಪುರದ ಕೈರಳಿ, ಶ್ರೀ ಮೊದಲಾದವು ಹಾಗೆ ಹುಟ್ಟಿದವು. ಆ ರಾಜ್ಯದವರು ಎಲೆಯನ್ನು ಮರೆಯಲಿಲ್ಲ.

ಈ ವಿಷಯದಲ್ಲಿ ಫ್ರಾನ್ಸಿನವರ ಏರ್ಪಾಡು ಪರಿಶೀಲನಾರ್ಹವಾದುದು. ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಅವರು ರಾಷ್ಟ್ರೀಯ ಚಲಚ್ಚಿತ್ರ ಕೇಂದ್ರವೊಂದನ್ನು ಸ್ಥಾಪಿಸಿದರು; 1948ರ ಕಾನೂನು ಸಹಾಯನಿಧಿಗೆ ದಾರಿ ಮಾಡಿತು. ಅಲ್ಲಿ ಮಾರುವ ಪ್ರತಿಯೊಂದು ಟಿಕೆಟ್ಟಿನಲ್ಲಿಯೂ ಒಂದಂಶವು, ಈಗಿನ ಲೆಕ್ಕದಂತೆ ನೂರಕ್ಕೆ 10.72ರಷ್ಟು, ಆ ನಿಧಿಗೆ ಸೇರುವುದು. ಚಿತ್ರ ಯಾವ ದೇಶದ್ದೆಂಬ ಭೇದವಿಲ್ಲ. ಅಮೆರಿಕದ ದೊಡ್ಡ ಚಿತ್ರವೊಂದು ಪ್ಯಾರಿಸ್ಸಿನಲ್ಲಿ ತುಂಬಿ ನಡೆದರೆ, ಅದರಿಂದಲೇ ಮುಂದಿನ ಫ್ರೆಂಚ್ ಚಿತ್ರಕ್ಕೆ ಗ್ರಾಸ ದೊರೆಯುವುದು. ನಿಧಿಯ ಒಂದು ಪಾಲು ನಿರ್ಮಾಪಕರಿಗೆ ನಿಯಮಾನುಸಾರವಾಗಿಯೇ ಸಲ್ಲುವುದು; ಇನ್ನೊಂದು ಪಾಲು ಚಿತ್ರಮಂದಿರಗಳ ದುರಸ್ತಿಗೆ ಹೋಗುವುದು. 1959ರಲ್ಲಿ ಕಥೆಯ ಹಸ್ತಪ್ರತಿಯನ್ನು ಓದಿ ಮುಂಗಡ ಕೊಡುವ ಪದ್ಧತಿಯೂ ಬಂದಿತು. ಮುಂದೆ ದೂರದರ್ಶನ ಸಂಸ್ಥೆಗಳಿಂದಲೂ ಪಾಲನ್ನು ಎತ್ತತೊಡಗಿದರು. ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಹಣವು ನೋಡುವವನಿಂದ ಹೊರಟು ಮಾಡುವವನನ್ನೂ ತೋರಿಸುವವನನ್ನೂ ಸೇರಿ, ಮತ್ತೆ ನೋಡುವವನ ಬಳಿಗೇ ಬರುವುದು. ಪ್ರತಿವರ್ಷ ಮಂತ್ರಿಗಳ ಮುಂದೆ ಕೈಯೊಡ್ಡಿ ನಿಲ್ಲುವ ಅಗತ್ಯ ಕಡಿಮೆ.

ತೋರಿಸುವುದು ಕ್ಷೇಮದ ಅರ್ಧ. ಉಳಿದರ್ಧವು ಉಳಿಸುವುದು. ಭಾರತದ ಮೊದಲ ವಾಕ್ಚಿತ್ರವಾದ 1931ರ ‘ಆಲಂ ಆರಾ’ದ ಪ್ರತಿ ಇಂದು ಎಲ್ಲಿಯೂ ದೊರೆಯದು. ಕೊಲ್ಹಾಪುರದಲ್ಲಿ ತೆಗೆದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದರ ಗತಿಯೂ ಅದೇ. ಸುಬ್ಬಯ್ಯನಾಯ್ಡುಗಳ ದನಿಯನ್ನು ಆ ಚಿತ್ರದಲ್ಲಿ ಕೇಳುವ ಭಾಗ್ಯ ಮುಂದಿನವರಿಗಿಲ್ಲ. ಸಾವಿರ ವರ್ಷದ ಓಲೆಗರಿ ಉಳಿದ ನಾಡಿನಲ್ಲಿ ನೂರು ವರ್ಷ ತುಂಬದ ಫಿಲ್ಮು ಉಳಿಯಲಿಲ್ಲ. ಸಂಗ್ರಹಾಲಯ ಬಂದ ಮೇಲೂ ಅಪಾಯ ತಪ್ಪಲಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಎದ್ದ ಬೆಂಕಿಗೆ ಬೇಗನೆ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಿನ ಎಷ್ಟೋ ಹಳೆಯ ಸುರುಳಿಗಳು ಆಹುತಿಯಾದುವು.

‘ಪಥೇರ್ ಪಾಂಚಾಲಿ’ಯ ಮುಂದಿನ ಕಥೆಯೂ ಇಲ್ಲಿಯೇ ಬರತಕ್ಕದ್ದು. ಅದರ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಅಗ್ನಿ ಅನಾಹುತದಲ್ಲಿ ಬೆಂದುಹೋಯಿತು. ಸುಟ್ಟುಳಿದ ತುಣುಕುಗಳನ್ನು ಅಮೆರಿಕದ ಸಂಸ್ಥೆಗಳು ಕಾಪಾಡಿ, ಇಟಲಿಯ ಬೊಲೋನಾ ನಗರದ ಕುಶಲಿಗಳ ಕೈಯಿಂದ ಜೋಡಿಸಿ, 2015ರಲ್ಲಿ ಲೋಕದ ಮುಂದೆ ಮತ್ತೆ ತಂದುವು. ಯೋಗವು ಬಂಗಾಳದ ಪ್ರಜೆಗಳ ಹಣದಿಂದಾಯಿತು, ಕ್ಷೇಮವು ದೂರದೇಶದವರಿಂದಾಯಿತು. ಅವರ ಉಪಕಾರವನ್ನು ನೆನೆಯುವುದರ ಜತೆಗೆ ಒಂದಿಷ್ಟು ನಾಚಿಕೆಯೂ ಆಗಬೇಕಾದುದು ನ್ಯಾಯ. ಹಾಗೆಂದು ಎಲ್ಲವೂ ನಿರಾಶೆಯಲ್ಲ. 2014ರಲ್ಲಿ ಕೇಂದ್ರ ಸರ್ಕಾರವು ಸುಮಾರು 597 ಕೋಟಿ ರೂಪಾಯಿಗಳ ರಾಷ್ಟ್ರೀಯ ಚಲಚ್ಚಿತ್ರ ಪರಂಪರೆಯ ಯೋಜನೆಯನ್ನು ಮಂಜೂರು ಮಾಡಿತು. ಪುಣೆಯ ವಿದ್ಯಾಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅದೇ ಊರಿನ ಸಂಗ್ರಹಾಲಯದಲ್ಲಿ ಉಳಿದಿದ್ದ ನೆಗೆಟಿವ್‌ನಿಂದ ಜೀರ್ಣೋದ್ಧಾರಗೊಂಡು, 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಕಲಿಸಿದುದೂ ಸಾರ್ವಜನಿಕ ಧನ, ಕಾಯ್ದುದೂ ಸಾರ್ವಜನಿಕ ಧನ. ಎರಡೂ ಕೂಡಿದಾಗ ಆಗುವ ಫಲವಿದು. 2022ರಲ್ಲಿ ಈ ಸಂಗ್ರಹಾಲಯವೂ ಫಿಲ್ಮ್ಸ್ ಡಿವಿಷನ್ ಮೊದಲಾದ ಸಂಸ್ಥೆಗಳೂ ಅಭಿವೃದ್ಧಿ ನಿಗಮದ ಅಧೀನಕ್ಕೆ ಬಂದಾಗ ಅನೇಕ ಚಿತ್ರಕಾರರು ಕಳವಳಪಟ್ಟುದು ಇದೇ ಕಾರಣದಿಂದ. ಲಾಭನಷ್ಟದ ಲೆಕ್ಕವಿಡುವ ಸಂಸ್ಥೆಯ ಮನೆಯಲ್ಲಿ, ಲಾಭವನ್ನೇ ತಾರದ ಕಾವಲಿನ ಕೆಲಸಕ್ಕೆ ಮರ್ಯಾದೆ ಉಳಿಯುವುದೇ ಎಂಬುದು ಅವರ ಪ್ರಶ್ನೆ.

ಕನ್ನಡ ನಾಡಿನ ಹಿಂದಿನ ದಾನಿಗಳು ಈ ವಿಚಾರದಲ್ಲಿ ತಿಳಿದವರಾಗಿದ್ದರು. ದೇವಾಲಯಗಳ ದತ್ತಿ ಶಾಸನಗಳನ್ನು ನೋಡಿದರೆ, ಗುಡಿಯನ್ನು ಕಟ್ಟಿಸಿದುದರೊಂದಿಗೆ ದಾನ ಮುಗಿಯುವುದಿಲ್ಲ. ಪೂಜೆಯ ಅಂಗಭೋಗಕ್ಕೆ ಇಷ್ಟು ಭೂಮಿ, ಗೀತನೃತ್ಯಗಳ ರಂಗಭೋಗಕ್ಕೆ ಇಷ್ಟು, ಒಡೆದು ಬಿರಿದುದರ ಜೀರ್ಣೋದ್ಧಾರಕ್ಕೆ ಇಷ್ಟು ಎಂದು ಬಿಡಿಸಿ ಬರೆಸುತ್ತಿದ್ದರು. ಕಟ್ಟುವ ದಿನವೇ ಬಿರಿಯುವ ದಿನವನ್ನು ಎಣಿಸಿದವರು ಅವರು.

ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ, 1960ರ ದಶಕದಿಂದ, ಮೈಸೂರು ಸರ್ಕಾರವು ಕೊಟ್ಟ ಸಹಾಯಧನವು ಕನ್ನಡ ಚಲಚ್ಚಿತ್ರವನ್ನು ತಾಯ್ನೆಲಕ್ಕೆ ಕರೆತರುವುದರಲ್ಲಿ ನೆರವಾಯಿತು. ಅದು ಯೋಗ, ಸಂದೇಹವಿಲ್ಲ. 2025ರ ಮಾರ್ಚಿ ತಿಂಗಳಲ್ಲಿ ಮಂಡಿತವಾದ ಕರ್ನಾಟಕದ ಆಯವ್ಯಯ ಪತ್ರದಲ್ಲಿಯೂ ಈ ಕಲೆಗೆ ಹಲವು ಮಾತುಗಳಿದ್ದುವು. ಮೈಸೂರಿನ 150 ಎಕರೆಗಳಲ್ಲಿ, ಖಾಸಗಿಯವರ ಸಹಭಾಗಿತ್ವದಿಂದ, 500 ಕೋಟಿ ರೂಪಾಯಿಗಳ ಚಿತ್ರನಗರಿ. ಕನ್ನಡ ಚಿತ್ರಗಳನ್ನು ಮನೆಯಲ್ಲಿಯೇ ನೋಡುವಂತೆ ಸರ್ಕಾರದ್ದೇ ಆದ ಒಟಿಟಿ ವೇದಿಕೆ. ನಾಡಿನ ಸಾಮಾಜಿಕ ಹಾಗೂ ಸಾಂಸ್ಕೃತಿಕ ಹಿನ್ನೆಲೆಯನ್ನು ಬಿಂಬಿಸುವ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ. ಮಾಡುವುದು, ತೋರಿಸುವುದು, ಉಳಿಸುವುದು ಎಂಬ ಮೂರೂ ಒಂದೇ ಪತ್ರದಲ್ಲಿ ಬಂದುದು ಶುಭಸೂಚನೆಯೇ ಸರಿ. ಆದರೆ 500 ಮತ್ತು 3 ಎಂಬ ಅಂಕಿಗಳ ನಡುವಣ ಅಂತರವನ್ನು ಓದುಬಲ್ಲ ಗೃಹಸ್ಥರು ಗಮನಿಸಬೇಕು. ಚಿತ್ರನಗರಿಗೆ ಬಂಡವಾಳ ಹೂಡುವವರು ಲಾಭವನ್ನು ಕಂಡು ತಾವಾಗಿಯೇ ಬರುವರು. ಭಂಡಾರದ ತಣ್ಣನೆಯ ಕೋಣೆಯಲ್ಲಿ ಡಬ್ಬಿಗಳನ್ನು ಒರೆಸಿ, ಸುರುಳಿಗಳನ್ನು ಪರೀಕ್ಷಿಸಿ ಇಡುವ ಕೆಲಸಕ್ಕೆ ಪ್ರಜೆಗಳ ಹಣವನ್ನುಳಿದು ಬೇರೆ ದಾತಾರರು ಸಿಕ್ಕುವುದು ಅಪೂರ್ವ. ಆದುದರಿಂದ ಮುಂದಿನ ಆಯವ್ಯಯಗಳಲ್ಲಿ ಮೊದಲು ಹುಡುಕಿ ನೋಡಬೇಕಾದುದು ಆ ಸಣ್ಣ ಅಂಕಿಯನ್ನು.